ಡೈರೆಕ್ಟ್ ಡೆಬಿಟ್ 120ರಿಂದ 190 ಪೌಂಡ್‌ಗೆ ಏರಿದಾಗ: ಕವೆಂಟ್ರಿಯ ತಂಗಿಗೆ

ನಿನ್ನ ಪ್ರಶ್ನೆ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಸಲುಗೆಯಿಂದ ಏಕವಚನದಲ್ಲೇ ಬರೆಯುತ್ತೇನೆ.

ಅಕ್ಟೋಬರ್ ಮೊದಲ ವಾರ ಇಂಗ್ಲೆಂಡಿನ ಕವೆಂಟ್ರಿಗೆ ಬಂದಿರಿ. ಎರಡು ಬೆಡ್‌ರೂಮಿನ ಬಾಡಿಗೆ ಮನೆ, ನೀವಿಬ್ಬರು, ಎರಡು ವರ್ಷದ ಮಗು. ಕರೆಂಟ್, ಗ್ಯಾಸ್ ಎರಡೂ ಸೇರಿ ಡೈರೆಕ್ಟ್ ಡೆಬಿಟ್‌ನಲ್ಲಿ, ಅಂದರೆ ಬ್ಯಾಂಕ್ ಖಾತೆಯಿಂದ ತಾನಾಗಿ, ತಿಂಗಳಿಗೆ 120 ಪೌಂಡ್ ಹೋಗುತ್ತಿತ್ತು. ಈಗ ಫೆಬ್ರವರಿ ಕೊನೆಗೆ ಮೇಲ್ ಬಂದಿದೆ: 277 ಪೌಂಡ್ ಬಾಕಿ ಇದೆ, ಮುಂದಿನ ತಿಂಗಳಿಂದ 190 ಪೌಂಡ್ ತೆಗೆದುಕೊಳ್ಳುತ್ತೇವೆ. "ನಮ್ಮನ್ನು ಕೇಳದೆ ಹೇಗೆ ಜಾಸ್ತಿ ಮಾಡ್ತಾರೆ? ಕ್ಯಾನ್ಸಲ್ ಮಾಡಿ, ಬಿಲ್ ಬಂದಾಗ ಕಟ್ಟಿದರೆ ಆಗಲ್ವಾ?" ಅಂತ ಕೇಳಿದ್ದೀಯ. ಹೀಟಿಂಗ್ ಪೂರ್ತಿ ಆಫ್ ಮಾಡಿ ಕೂತಿದ್ದೇವೆ ಅಂತಲೂ ಬರೆದಿದ್ದೀಯ. ಅದನ್ನು ಓದಿ ಬೇಜಾರಾಯಿತು. ಮೊದಲು ಹೀಟಿಂಗ್ ಹಾಕು. ಮನೆಯಲ್ಲಿ ಚಿಕ್ಕ ಮಗು ಇದೆ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಕ್ಯಾನ್ಸಲ್ ಮಾತ್ರ ಮಾಡಬೇಡ. ಬ್ಯಾಂಕಿನ ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ಡೈರೆಕ್ಟ್ ಡೆಬಿಟ್ ನಿಂತು ಹೋಗುತ್ತದೆ, ನಿಜ. ಆದರೆ ಬಾಕಿ ಹಾಗೇ ಇರುತ್ತದೆ. ಮೇಲಾಗಿ, ಬಿಲ್ ಬಂದ ಮೇಲೆ ಕಟ್ಟುವವರಿಗೆ ಇಲ್ಲಿ ದರವೇ ಜಾಸ್ತಿ. ಕಟ್ಟುವುದು ತಪ್ಪಿದರೆ ಅದು ಕ್ರೆಡಿಟ್ ರೆಕಾರ್ಡ್‌ಗೆ ಹೋಗಬಹುದು. ಹೊಸದಾಗಿ ಬಂದವರಿಗೆ ಆ ರೆಕಾರ್ಡ್ ಈಗಷ್ಟೇ ಶುರುವಾಗಿರುತ್ತದೆ. ಮುಂದೆ ಮನೆ ಬಾಡಿಗೆಗೆ, ಸಾಲಕ್ಕೆ ಅದನ್ನೇ ನೋಡುತ್ತಾರೆ. ಅದನ್ನು ಈಗಲೇ ಕೆಡಿಸಿಕೊಳ್ಳಬೇಡ.

ಈಗ ನೀನು ತಿಳಿದುಕೊಳ್ಳಬೇಕಾದ ಮುಖ್ಯ ವಿಷಯ. ಆ 120 ಪೌಂಡ್ ನಿನ್ನ ಬಿಲ್ ಅಲ್ಲ. ಬೆಸ್ಕಾಂನಲ್ಲಾದರೆ ಮೀಟರ್ ರೀಡರ್ ತಿಂಗಳಿಗೊಮ್ಮೆ ಬಂದು, ನೋಡಿ, ಅಲ್ಲೇ ಬಿಲ್ ಹರಿದು ಕೊಡುತ್ತಾನೆ. ಬಳಸಿದ್ದಕ್ಕೆ ಕಟ್ಟಿದರೆ ಆಯಿತು. ಇಲ್ಲಿ ಕಂಪನಿಯವರು ನೀವು ಇಡೀ ವರ್ಷಕ್ಕೆ ಎಷ್ಟು ಬಳಸಬಹುದು ಅಂತ ಅಂದಾಜು ಮಾಡುತ್ತಾರೆ. ಅದರ ಖರ್ಚನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೆ ಒಂದರಂತೆ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬಳಸಿದ್ದಕ್ಕಿಂತ ಜಾಸ್ತಿ ಕಟ್ಟುತ್ತೀಯ, ಅದು ಜಮಾ ಆಗುತ್ತದೆ. ಚಳಿಗಾಲದಲ್ಲಿ ಕಟ್ಟಿದ್ದಕ್ಕಿಂತ ಜಾಸ್ತಿ ಬಳಸುತ್ತೀಯ, ಆ ಜಮಾ ಕರಗುತ್ತದೆ.

ನೀವು ಬಂದದ್ದು ಅಕ್ಟೋಬರ್‌ನಲ್ಲಿ. ಬೇಸಿಗೆಯ ಜಮಾ ಒಂದು ಪೌಂಡ್ ಕೂಡ ಇರಲಿಲ್ಲ. ನೇರವಾಗಿ ಚಳಿಗೆ ಬಿದ್ದಿರಿ. ಹಾಗಾಗಿ ಫೆಬ್ರವರಿಯಲ್ಲಿ ಬಾಕಿ ತೋರಿಸುವುದು ಸಹಜ. ಅದು ಮೋಸವೂ ಅಲ್ಲ, ನೀವು ದುಂದು ಮಾಡಿದ್ದೀರಿ ಅಂತಲೂ ಅಲ್ಲ. ಆದರೆ 190 ಅನ್ನೋದು ಸರಿಯಾದ ಮೊತ್ತವಾ? ಅದು ಬೇರೆ ಪ್ರಶ್ನೆ. ಅದನ್ನು ಲೆಕ್ಕ ಹಾಕಿಯೇ ನೋಡಬೇಕು.

ನಿನ್ನ ಬಿಲ್‌ನಲ್ಲಿ ವರ್ಷದ ಅಂದಾಜು ಅಂತ ಕರೆಂಟ್‌ಗೆ 2,700 ಯೂನಿಟ್, ಗ್ಯಾಸ್‌ಗೆ 11,500 ಯೂನಿಟ್ ಇದೆ ಅಂದೆ. ಇವು ಸುಮ್ನೆ ನಿನ್ನ ಮನೆಗೆ ಬಂದ ಅಂಕಿಗಳಲ್ಲ. ಇಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2023ರಲ್ಲಿ ಸಾಮಾನ್ಯ ಮನೆಯ ಬಳಕೆ ಅಂತ ಲೆಕ್ಕಕ್ಕೆ ಇಟ್ಟುಕೊಂಡಿದ್ದ ಅಂಕಿಗಳು. ಅಂದರೆ ನಿನ್ನ ಮನೆಯ ನಿಜವಾದ ಬಳಕೆ ಅವರಿಗೆ ಇನ್ನೂ ಗೊತ್ತಿಲ್ಲ. ಇರಲಿ, ಸದ್ಯಕ್ಕೆ ಅದನ್ನೇ ಹಿಡಿಯೋಣ. ಲೆಕ್ಕ ಸುಲಭವಾಗಲಿ ಅಂತ ಕರೆಂಟ್ ಯೂನಿಟ್‌ಗೆ 25 ಪೆನ್ಸ್, ಗ್ಯಾಸ್‌ಗೆ 6 ಪೆನ್ಸ್ ಅಂದುಕೋ. ಸ್ಟ್ಯಾಂಡಿಂಗ್ ಚಾರ್ಜ್, ಅಂದರೆ ಬಳಸಲಿ ಬಿಡಲಿ ಕಟ್ಟಬೇಕಾದ ದಿನದ ಶುಲ್ಕ, ಎರಡೂ ಸೇರಿ ದಿನಕ್ಕೆ 85 ಪೆನ್ಸ್. ನಿನ್ನ ಬಿಲ್‌ನಲ್ಲಿರುವ ದರ ಹಾಕಿ ಆಮೇಲೆ ನೀನೇ ತಿದ್ದಿಕೋ.

ಕರೆಂಟ್ 675 ಪೌಂಡ್. ಗ್ಯಾಸ್ 690. ಸ್ಟ್ಯಾಂಡಿಂಗ್ ಚಾರ್ಜ್ 310. ವರ್ಷಕ್ಕೆ ಒಟ್ಟು 1,675 ಪೌಂಡ್, ತಿಂಗಳಿಗೆ ಹೆಚ್ಚುಕಡಿಮೆ 140. ಈಗಿನ ಬಾಕಿ 277ನ್ನು ಹನ್ನೆರಡು ತಿಂಗಳಲ್ಲಿ ತೀರಿಸಿದರೆ ತಿಂಗಳಿಗೆ ಇನ್ನೂ 23. ಸೇರಿಸಿದರೆ 163. ಅವರು ಕೇಳುತ್ತಿರುವುದು 190. ಅಂದಾಜು ಸರಿಯಾಗಿದ್ದರೆ ಮುಂದಿನ ಫೆಬ್ರವರಿ ಕೊನೆಗೆ ನಿನ್ನ ಸುಮಾರು 325 ಪೌಂಡ್ ಅವರ ಹತ್ತಿರ ಸುಮ್ನೆ ಬಿದ್ದಿರುತ್ತದೆ.

ಹಾಗಾಗಿ 120ಕ್ಕೇ ನಿಲ್ಲಿಸಿ ಅಂತ ಹಟ ಹಿಡಿಯಬೇಡ. ಅದು ಸಾಲುವುದಿಲ್ಲ. 190ಕ್ಕೆ ತಲೆಯಾಡಿಸಲೂ ಬೇಡ. ಅವರು ಆ ಮೊತ್ತಕ್ಕೆ ಹೇಗೆ ಬಂದರು ಅಂತ ಕೇಳು. ಕೈಯಲ್ಲಿರುವ ಅತ್ಯುತ್ತಮ, ತೀರಾ ಇತ್ತೀಚಿನ ಮಾಹಿತಿ ಇಟ್ಟುಕೊಂಡೇ ಡೈರೆಕ್ಟ್ ಡೆಬಿಟ್ ಮೊತ್ತ ನಿಗದಿ ಮಾಡಬೇಕು ಅಂತ ಅವರ ಲೈಸೆನ್ಸ್‌ನಲ್ಲೇ ಷರತ್ತಿದೆ. ಕಾರಣ ಹೇಳುವುದು ಅವರ ಕರ್ತವ್ಯ, ಉಪಕಾರವಲ್ಲ.

ಆದರೆ ಕೇಳುವ ಮೊದಲು ನಿನ್ನ ಕೈಯಲ್ಲಿ ಮೀಟರ್ ರೀಡಿಂಗ್ ಇರಬೇಕು. ನೀನು ಕಳಿಸಿದ ಫೋಟೋದಲ್ಲಿ ಎರಡು ರೀಡಿಂಗ್ ಪಕ್ಕದಲ್ಲೂ ಎಸ್ಟಿಮೇಟೆಡ್ ಅಂತ ಇದೆ. ಅಂದರೆ ಯಾರೂ ಮೀಟರ್ ನೋಡಿಲ್ಲ. ಇವತ್ತೇ ಮೆಟ್ಟಿಲ ಕೆಳಗಿನ ಬೀರು ತೆಗೆದು, ಮೊಬೈಲ್ ಟಾರ್ಚ್ ಹಾಕಿ ನೋಡು. ಗ್ಯಾಸ್ ಮೀಟರ್‌ನಲ್ಲಿ ಕಪ್ಪು ಹಿನ್ನೆಲೆಯ ಅಂಕಿಗಳನ್ನು ಎಡದಿಂದ ಬಲಕ್ಕೆ ಬರೆದುಕೋ. ಕೊನೆಯಲ್ಲಿ ಕೆಂಪು ಅಂಕಿ ಇದ್ದರೆ ಅದನ್ನು ಬಿಡು. ಎರಡೂ ಮೀಟರ್‌ಗಳ ಫೋಟೋ ತೆಗೆ, ಮೀಟರ್‌ನ ಸೀರಿಯಲ್ ನಂಬರ್ ಕಾಣುವ ಹಾಗೆ. ಆ ನಂಬರ್ ಬಿಲ್‌ನಲ್ಲಿರುವ ನಂಬರಿಗೆ ಸರಿಹೊಂದುತ್ತದಾ ನೋಡು. ಫ್ಲ್ಯಾಟ್‌ಗಳಲ್ಲಿ ಪಕ್ಕದ ಮನೆಯ ಮೀಟರ್ ನಮ್ಮ ಹೆಸರಿಗೆ ಬರುವುದುಂಟು.

ಗ್ಯಾಸ್ ಮೀಟರ್‌ನಲ್ಲಿ ಇನ್ನೊಂದನ್ನು ನೋಡಬೇಕು. ಅದು ಅಳೆಯುವುದು ಘನ ಮೀಟರ್‌ನಲ್ಲಾ, ಘನ ಅಡಿಯಲ್ಲಾ? ಮೀಟರ್ ಮೇಲೆಯೇ ಬರೆದಿರುತ್ತದೆ. ಹಳೆಯ ಅಡಿ ಲೆಕ್ಕದ ಮೀಟರ್‌ನಲ್ಲಿ ರೀಡಿಂಗ್ ಒಂದು ಅಂಕಿ ಏರಿದರೆ ನೂರು ಘನ ಅಡಿ, ಅಂದರೆ 2.83 ಘನ ಮೀಟರ್. ನಿನ್ನ ಮೀಟರ್ ಘನ ಮೀಟರ್‌ನದ್ದಾಗಿದ್ದು ಕಂಪನಿಯ ದಾಖಲೆಯಲ್ಲಿ ಘನ ಅಡಿ ಅಂತ ಇದ್ದರೆ ಗ್ಯಾಸ್ ಬಿಲ್ ಸುಮಾರು ಮೂರು ಪಟ್ಟು ತೋರಿಸುತ್ತದೆ. ಘನ ಮೀಟರ್ ಆಗಿದ್ದರೆ ಒಂದು ಅಂಕಿಗೆ ಸುಮಾರು 11 ಯೂನಿಟ್ ಅಂತ ಲೆಕ್ಕ ಇಟ್ಟುಕೋ. ಇಲ್ಲಿನ ಯೂನಿಟ್ ಅಂದರೂ ನಮ್ಮ ಊರಿನ ಯೂನಿಟ್ಟೇ, ಒಂದು ಕಿಲೋವ್ಯಾಟ್ ಅವರ್.

ಆಮೇಲೆ ಮನೆಗೆ ಬಂದ ದಿನದ ರೀಡಿಂಗ್. ಎಲ್ಲಕ್ಕಿಂತ ಮುಖ್ಯ ಇದು. ಬಾಡಿಗೆ ಏಜೆಂಟ್ ಕೊಟ್ಟ ಇನ್ವೆಂಟರಿ ರಿಪೋರ್ಟ್, ಅಂದರೆ ಮನೆ ಒಪ್ಪಿಸುವಾಗ ಅದರ ಸ್ಥಿತಿ ಬರೆದಿಟ್ಟ ಪಟ್ಟಿ, ತೆಗೆದು ನೋಡು, ಅದರಲ್ಲಿ ಸಾಮಾನ್ಯವಾಗಿ ಮೀಟರ್ ಫೋಟೋ ಇರುತ್ತದೆ. ನಿನ್ನ ಮೊದಲ ಬಿಲ್ ಶುರುವಾಗುವ ಅಂಕಿ ಅದೇ ಆಗಿರಬೇಕು. ನಾವು ಮೊದಲು ಬಾಡಿಗೆಗಿದ್ದ ಮನೆಯಲ್ಲಿ ಕಂಪನಿಯವರು ಗ್ಯಾಸ್ ಲೆಕ್ಕವನ್ನು 4127ರಿಂದ ಶುರು ಮಾಡಿದ್ದರು. ಇನ್ವೆಂಟರಿ ಫೋಟೋದಲ್ಲಿದ್ದದ್ದು 4391. ಆ ವ್ಯತ್ಯಾಸ 264 ಅಂಕಿ, ಹತ್ತಿರ ಹತ್ತಿರ 2,900 ಯೂನಿಟ್. ಹಿಂದಿನ ಬಾಡಿಗೆದಾರರು ಬಳಸಿದ ಗ್ಯಾಸ್‌ಗೆ ನಾವು ಆಗಿನ ದರದಲ್ಲೇ ನೂರು ಪೌಂಡಿಗಿಂತ ಜಾಸ್ತಿ ಕಟ್ಟುವವರಿದ್ದೆವು. ಫೋನಿನಲ್ಲಿ ಮೂರು ಸಲ ಆಗಲ್ಲ ಅಂದರು. ಫೋಟೋ ಹಾಕಿ ಮೇಲ್ ಮಾಡಿ, ಇದು ದೂರು ಅಂತ ಬರೆದ ಮೇಲೆ ಸರಿ ಮಾಡಿದರು. ನಿನಗಿಂತ ಮೊದಲು ಇದ್ದವರ ಬಾಕಿಗೆ ನೀನು ಹೊಣೆ ಅಲ್ಲ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೋ.

ಈಗ ನಿನ್ನ ಮೊದಲ ಪ್ರಶ್ನೆ, ಕೇಳದೆ ಹೇಗೆ ಜಾಸ್ತಿ ಮಾಡುತ್ತಾರೆ ಅನ್ನೋದು. ಊರಲ್ಲಿ ಆಟೋ ಡೆಬಿಟ್ ಕೊಡುವಾಗ ಇಷ್ಟರವರೆಗೆ ಅಂತ ಮಿತಿ ಹಾಕುತ್ತೇವೆ ಅಲ್ವಾ? ಇಲ್ಲಿನ ಡೈರೆಕ್ಟ್ ಡೆಬಿಟ್‌ನಲ್ಲಿ ಆ ಮಿತಿ ಇಲ್ಲ. ಮೊತ್ತ ಬದಲಿಸುವ ಹಕ್ಕು ಅವರಿಗಿದೆ. ಆದರೆ ಮುಂಚೆ ತಿಳಿಸಬೇಕು, ಸಾಮಾನ್ಯವಾಗಿ ಕೆಲಸದ ದಿನಗಳ ಲೆಕ್ಕದಲ್ಲಿ 10 ದಿನ ಮೊದಲು. ತಿಳಿಸದೆ ತೆಗೆದರೆ, ಹೇಳಿದ್ದಕ್ಕಿಂತ ಜಾಸ್ತಿ ತೆಗೆದರೆ, ನಿನ್ನ ಬ್ಯಾಂಕಿಗೆ ಹೇಳಿದರೆ ಸಾಕು, ಹಣ ತಕ್ಷಣ ವಾಪಸ್ ಹಾಕಬೇಕು. ಇದಕ್ಕೆ ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಅಂತಾರೆ. ಅದು ತಪ್ಪು ನಡೆದಾಗ ಬಳಸುವ ದಾರಿ. ಮೊತ್ತ ಇಷ್ಟವಾಗಲಿಲ್ಲ ಅಂತ ಬಳಸಿದರೆ ಕಂಪನಿಯವರು ಆ ಹಣ ಮತ್ತೆ ಕೇಳುತ್ತಾರೆ.

ಬಳಸಿದಷ್ಟಕ್ಕೇ ಕಟ್ಟಬೇಕು ಅನ್ನೋ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ವೇರಿಯಬಲ್ ಡೈರೆಕ್ಟ್ ಡೆಬಿಟ್ ಅಂತ, ಪ್ರತಿ ಬಿಲ್‌ನ ಪೂರ್ತಿ ಮೊತ್ತ ತಾನಾಗಿ ಹೋಗುತ್ತದೆ. ಬಹಳ ಕಂಪನಿಗಳು ಕೊಡುತ್ತವೆ. ಆದರೆ ನಿನ್ನಂಥ ಮನೆಗೆ ಜುಲೈನಲ್ಲಿ 90 ಪೌಂಡ್ ಬಂದರೆ ಜನವರಿಯಲ್ಲಿ 210 ಬರಬಹುದು. ಕೈಯಲ್ಲಿ ಒಂದಿಷ್ಟು ಉಳಿತಾಯ ಇರುವವರಿಗೆ ಅದು ಸರಿ. ಮೊದಲ ಒಂದೆರಡು ವರ್ಷ ನಿಗದಿ ಮೊತ್ತವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಗುವಿನ ನರ್ಸರಿ ಖರ್ಚು, ಬಾಡಿಗೆ, ವೀಸಾ ಫೀಸ್ ನಡುವೆ ಜನವರಿಯಲ್ಲಿ ಒಮ್ಮೆಲೇ ಏಟು ಬೀಳಬಾರದು.

ಪ್ರೈಸ್ ಕ್ಯಾಪ್, ಅಂದರೆ ಆಫ್‌ಜೆಮ್ ಹಾಕುವ ದರದ ಮಿತಿ, ಅದರ ಬಗ್ಗೆ ನಿನ್ನ ಯಜಮಾನರು ಕೇಳಿದ್ದು ಸಹಜವಾದ ಗೊಂದಲ. ಸುದ್ದಿಯಲ್ಲಿ ವರ್ಷಕ್ಕೆ ಇಷ್ಟು ಪೌಂಡ್ ಅಂತ ಬರುತ್ತದಲ್ಲ, ಅದಕ್ಕಿಂತ ಜಾಸ್ತಿ ಬಿಲ್ ಬರುವುದಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಮಿತಿ ಇರುವುದು ಯೂನಿಟ್ ದರಕ್ಕೆ, ಸ್ಟ್ಯಾಂಡಿಂಗ್ ಚಾರ್ಜ್‌ಗೆ. ಜಾಸ್ತಿ ಬಳಸಿದರೆ ಜಾಸ್ತಿ ಬರುತ್ತದೆ. 2019ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ದರ ಬದಲಾಗುತ್ತದೆ. ತಾನಾಗಿ ರೀಡಿಂಗ್ ಕಳಿಸುವ ಸ್ಮಾರ್ಟ್ ಮೀಟರ್ ಇಲ್ಲದವರು ಆ ದಿನಗಳ ಆಸುಪಾಸಿನಲ್ಲಿ ರೀಡಿಂಗ್ ಕಳಿಸಬೇಕು. ಇಲ್ಲದಿದ್ದರೆ ಹಳೆ ದರದಲ್ಲಿ ಎಷ್ಟು, ಹೊಸ ದರದಲ್ಲಿ ಎಷ್ಟು ಅಂತ ಅವರೇ ಊಹೆ ಮಾಡುತ್ತಾರೆ.

ಸ್ಮಾರ್ಟ್ ಮೀಟರ್ ಹಾಕಿಸಿಕೊಳ್ಳಲಾ ಅಂದೆ. ಹಾಕಿಸಿಕೋ, ಮನೆ ಮಾಲೀಕರಿಗೆ ಒಂದು ಮಾತು ಹೇಳಿ. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಅಡುಗೆಮನೆಯಲ್ಲಿಡುವ ಪುಟ್ಟ ಪರದೆ ಮಧ್ಯರಾತ್ರಿ ದಾಟಿದ ಕೂಡಲೇ ಎಂಭತ್ತು ಚಿಲ್ಲರೆ ಪೆನ್ಸ್ ತೋರಿಸಿದರೆ ಗಾಬರಿಯಾಗಬೇಡ. ಅದು ಆ ದಿನದ ಸ್ಟ್ಯಾಂಡಿಂಗ್ ಚಾರ್ಜ್.

ಜಮಾ ಹಣ ಜಾಸ್ತಿಯಾದರೆ ವಾಪಸ್ ಕೇಳಬಹುದು. ಕೇಳಲು ಒಳ್ಳೆಯ ಸಮಯ ಏಪ್ರಿಲ್ ಕೊನೆ ಅಥವಾ ಮೇ. ಚಳಿ ಮುಗಿದಿರುತ್ತದೆ, ಆಗ ಅಕೌಂಟ್ ಸೊನ್ನೆಯ ಹತ್ತಿರ ಇರಬೇಕು. ಸೆಪ್ಟೆಂಬರ್‌ನಲ್ಲಿ ಜಮಾ ಕಂಡರೆ ಮುಟ್ಟಬೇಡ, ಅದು ಚಳಿಗಾಲಕ್ಕೆ ಬೇಕು. ಕಂಪನಿ ಮುಳುಗಿದರೆ ಗತಿ ಏನು ಅನ್ನೋ ಭಯವೂ ಬೇಡ. 2021ರಲ್ಲಿ ಗ್ಯಾಸ್‌ನ ಸಗಟು ಬೆಲೆ ಏರಿ ಎಷ್ಟೋ ಸಣ್ಣ ಕಂಪನಿಗಳು ಮುಚ್ಚಿದವು. ಗ್ರಾಹಕರನ್ನು ಆಫ್‌ಜೆಮ್ ಬೇರೆ ಕಂಪನಿಗೆ ವರ್ಗಾಯಿಸಿತು, ಮನೆಗಳವರ ಜಮಾ ಹಣ ಉಳಿಯಿತು.

ಮಗುವಿಗೆ ಐದು ವರ್ಷ ತುಂಬಿಲ್ಲ, ಹಾಗಾಗಿ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್‌ಗೆ ಹೆಸರು ಕೊಡು. ಕರೆಂಟ್ ಹೋದಾಗ ನಿಮಗೆ ಮೊದಲು ಸಹಾಯ ಸಿಗುತ್ತದೆ. ಅದು ಉಚಿತ, ವೀಸಾಗೆ ಏನೂ ತೊಂದರೆಯಿಲ್ಲ. ವಾರ್ಮ್ ಹೋಮ್ ಡಿಸ್ಕೌಂಟ್ ಅನ್ನೋ 150 ಪೌಂಡ್ ರಿಯಾಯಿತಿ ಮಾತ್ರ ಬೇರೆ. ಅದು ಸರ್ಕಾರದ ಕೆಲವು ಬೆನಿಫಿಟ್ ಪಡೆಯುವವರಿಗೆ ಸಿಗುವಂಥದ್ದು. ನಿಮ್ಮ ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ, ಅಂದರೆ ಸರ್ಕಾರದ ಆರ್ಥಿಕ ನೆರವು ಪಡೆಯುವಂತಿಲ್ಲ ಅಂತ ಇದೆಯಲ್ಲ, ಆ ಬೆನಿಫಿಟ್‌ಗಳಿಗೆ ಅರ್ಜಿ ಹಾಕಲು ಹೋಗಬೇಡಿ.

ಕಂಪನಿಗೆ ಫೋನ್ ಮಾಡುವುದಕ್ಕಿಂತ ಬರೆಯುವುದು ಮೇಲು. ಬರೆದದ್ದು ಉಳಿಯುತ್ತದೆ. ಇಷ್ಟು ಬರೆ: ಇವತ್ತಿನ ರೀಡಿಂಗ್ ಇದು, ಫೋಟೋ ಇಲ್ಲಿದೆ. ಮನೆಗೆ ಬಂದ ದಿನದ ರೀಡಿಂಗ್ ಇದು, ಇನ್ವೆಂಟರಿ ಇಲ್ಲಿದೆ. ಇದರ ಮೇಲೆ ಹೊಸ ಬಿಲ್ ಮಾಡಿ. ಬಾಕಿಯನ್ನು ಹನ್ನೆರಡು ತಿಂಗಳಿಗೆ ಹಂಚಿ. 190ಕ್ಕೆ ಹೇಗೆ ಬಂದಿರಿ, ಲೆಕ್ಕ ತೋರಿಸಿ. ನಮ್ಮ ಲೆಕ್ಕದಲ್ಲಿ 163 ಬರುತ್ತದೆ, ಅಷ್ಟಕ್ಕೆ ಇಡಿ. 163 ಕೂಡ ಕಷ್ಟವಾದರೆ ಅದನ್ನೂ ಹೇಳು. ಕಟ್ಟುವ ಶಕ್ತಿ ನೋಡಿ ಕಂತು ಮಾಡುವುದು ಅವರ ಜವಾಬ್ದಾರಿ.

ಉತ್ತರ ತೃಪ್ತಿ ಕೊಡದಿದ್ದರೆ ಅದೇ ಮೇಲ್‌ಗೆ ಇದು ನನ್ನ ದೂರು ಅಂತ ಸ್ಪಷ್ಟವಾಗಿ ಬರೆ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಮತ್ತು ಕಂಪನಿಗಳ ತಕರಾರು ಬಗೆಹರಿಸುವ ಎನರ್ಜಿ ಓಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ. ನಡುವೆ ಸಲಹೆ ಬೇಕಾದರೆ ಸಿಟಿಜನ್ಸ್ ಅಡ್ವೈಸ್ ಇದೆ, ಅದೂ ಉಚಿತ.

ರೀಡಿಂಗ್ ಕಳಿಸಿದ ಮೇಲೆ ಹೊಸ ಬಿಲ್ ಬರುತ್ತದೆ. ಅದರಲ್ಲಿ ಯೂನಿಟ್ ದರ ಮತ್ತು ಎರಡೂ ರೀಡಿಂಗ್ ಇರುವ ಪುಟದ ಫೋಟೋ ನನಗೆ ಕಳಿಸು. ಅಕೌಂಟ್ ನಂಬರ್, ವಿಳಾಸ ಮುಚ್ಚಿ ಕಳಿಸು. ನಿನ್ನ ನಿಜವಾದ ದರ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿ ಕೊಡುತ್ತೇನೆ.