ಡಾಕ್ಟರ್ ಅಸಲಿಯೋ ಅಲ್ಲವೋ?

ಪ್ರಶ್ನೆ: ನೆಗಡಿ ಅಂತ ಹೋದರೆ ನಮ್ಮ ಡಾಕ್ಟರ್ ಇಂಜೆಕ್ಷನ್ನೂ ಕೊಡುವುದಿಲ್ಲ, ಆಂಟಿಬಯೋಟಿಕ್ಕೂ ಬರೆಯುವುದಿಲ್ಲ, ಸುಮ್ನೆ ಪ್ರಶ್ನೆ ಕೇಳುತ್ತಾರೆ. ಇವರು ನಿಜವಾದ ಡಾಕ್ಟರೇನಾ ಸಾರ್?

ಉತ್ತರ: ಮೊದಲು ಕಾಗದದ ವಿಷಯ ಮುಗಿಸೋಣ. ವೈದ್ಯಕೀಯ ಪದವಿ ಇರಬೇಕು, ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ತಪ್ಪೇನಿಲ್ಲ. ಗೌರವ ಡಾಕ್ಟರೇಟ್ ಪಡೆದವರೂ ‘ಡಾ.’ ಹಾಕಿಕೊಳ್ಳುತ್ತಾರೆ, ಅವರ ಹತ್ತಿರ ಬಿಪಿ ತೋರಿಸಬೇಡಿ!

ಇನ್ನು ನಿಮ್ಮ ಡಾಕ್ಟರ್. ನೆಗಡಿ ಬರುವುದು ವೈರಸ್‌ನಿಂದ, ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಬರೆಯದೇ ಇದ್ದದ್ದೇ ಸರಿ, ಅಲ್ವಾ? ಕೇಳಿದ್ದನ್ನು ಬರೆದು ಕಳಿಸುವುದು ಸುಲಭ, ಬೇಡ ಅಂತ ಕೂತು ವಿವರಿಸುವುದಕ್ಕೆ ಜಾಸ್ತಿ ಹೊತ್ತು ಬೇಕು, ಮೇಲೆ ರೋಗಿಯ ಮುನಿಸನ್ನೂ ತಡೆದುಕೊಳ್ಳಬೇಕು. ಆ ಪ್ರಶ್ನೆಗಳೂ ಸುಮ್ನೆ ಅಲ್ಲ. ಜ್ವರ ಎಷ್ಟು ದಿನದಿಂದ, ಉಸಿರಾಡಲು ಕಷ್ಟವಾ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ, ಹಿಂದೆ ಯಾವುದಾದರೂ ಔಷಧಿ ಒಗ್ಗದೇ ಹೋಗಿತ್ತಾ ಎಂದು ಕೇಳಿದಾಗಲೇ ಎಷ್ಟೋ ಸಲ ರೋಗದ ಸುಳಿವು ಸಿಗುವುದು. ನಾನಾದರೆ ಏನೂ ಕೇಳದ ಡಾಕ್ಟರ್ ಬಗ್ಗೆಯೇ ಅನುಮಾನ ಪಡುತ್ತೇನೆ. ‘ನನಗೆ ಗೊತ್ತಾಗುತ್ತಿಲ್ಲ, ತಜ್ಞರಿಗೆ ತೋರಿಸಿ’ ಎನ್ನುವವರು ಸಿಕ್ಕರಂತೂ ಬಿಡಲೇಬೇಡಿ.

ಆದರೆ ಜ್ವರ ಇಳಿಯದಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಮತ್ತೆ ಹೋಗಿ ತೋರಿಸಿ. ಆಗ ಅವರೇ ಬೇರೆ ಔಷಧಿ ಬರೆಯಬಹುದು.