ಕೆನಡಾಗೆ ಹೆಂಡತಿಯನ್ನು ಸ್ಪಾನ್ಸರ್ ಮಾಡುವಾಗ, ಜೊತೆಗೆ ಬಾರದ ಅವಳ 19 ವರ್ಷದ ಮಗನಿಗೂ ಪೊಲೀಸ್ ಸರ್ಟಿಫಿಕೇಟ್ ಯಾಕೆ ಬೇಕು?

ಹೌದು, ಬೇಕೇ ಬೇಕು. ಕೆನಡಾದ ನಿಯಮದಲ್ಲಿ 22 ತುಂಬದ, ಮದುವೆಯಾಗದ, ಸಂಗಾತಿಯೂ ಇಲ್ಲದ ಮಕ್ಕಳು ಅವಲಂಬಿತರು. ಅವರಲ್ಲಿ 18 ತುಂಬಿದವರ ಹಿನ್ನೆಲೆಯನ್ನು ಬೇರೆಯಾಗಿಯೇ ನೋಡುತ್ತಾರೆ. 18 ಆದಮೇಲೆ ಇನ್ನೊಂದು ದೇಶದಲ್ಲಿ ಸತತ 6 ತಿಂಗಳು ಇದ್ದಿದ್ದರೆ, ಅಂದರೆ ಹಾಸ್ಟೆಲ್‌ನಲ್ಲಿದ್ದು ಓದಿದ್ದರೂ, ಅಲ್ಲಿನ ಸರ್ಟಿಫಿಕೇಟೂ ಬೇಕು.

ಬಾರದವನಿಗೆ ಸುಮ್ನೆ ಯಾಕೆ ಇದೆಲ್ಲ ಅನ್ನಿಸುತ್ತದೆ, ಅಲ್ವಾ? ಇವತ್ತು ಬಾರದಿದ್ದರೂ ನಾಳೆ ಅಮ್ಮ ಅವನನ್ನು ಸ್ಪಾನ್ಸರ್ ಮಾಡಬಹುದು. ಅದಕ್ಕೇ ಈಗಲೇ ತಪಾಸಣೆ, ಮೆಡಿಕಲ್ ಕೂಡ. ಈಗ ತಪಾಸಣೆ ಆಗದಿದ್ದರೆ ಮುಂದೆ ಫ್ಯಾಮಿಲಿ ಕ್ಲಾಸ್‌ನಲ್ಲಿ, ಅಂದರೆ ಕುಟುಂಬದವರನ್ನು ಸ್ಪಾನ್ಸರ್ ಮಾಡುವ ವಿಭಾಗದಲ್ಲಿ, ಅವನನ್ನು ಕರೆಸಿಕೊಳ್ಳುವ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಕೆಲಸ ಕಮ್ಮಿ ಮಾಡಿಕೊಳ್ಳಲು ಮಗನ ಹೆಸರನ್ನೇ ಬಿಡುವುದಂತೂ ಬೇಡವೇ ಬೇಡ. ಅದು ಸುಳ್ಳು ಮಾಹಿತಿ ಅನ್ನಿಸಿಕೊಂಡರೆ ಅಮ್ಮನ ಅರ್ಜಿಗೇ ಕುತ್ತು.