ಪತ್ತನಾಜೆ ಕಳೆದ ಮೇಲಿನ ತಿಂಗಳುಗಳಿಗೆ ಹಣ

ಪ್ರಶ್ನೆ: ವಯಸ್ಸು 24. ಮಂಗಳೂರಿನಲ್ಲಿ ಕೆಲಸ, ಕೈಗೆ ಸಿಗುವುದು 28,000 ರೂಪಾಯಿ. ಪಿಜಿ, ಊಟ, ಬಸ್ಸು, ಮನೆಗೆ ಕಳುಹಿಸುವುದು ಸೇರಿ 19,000 ಖರ್ಚು. ಐದು ವರ್ಷದ ನಂತರ ಕೆಲಸ ಬಿಟ್ಟು ಯಕ್ಷಗಾನ ಮೇಳ ಸೇರುವಾಸೆ. ಆದೀತೇ?
– ಓದುಗ, ಉಡುಪಿ

ಉತ್ತರ: ಆಗುತ್ತದೆ. ಆದರೆ ನಿಮ್ಮ ಲೆಕ್ಕ ಸಂಬಳದಾರರ ಲೆಕ್ಕದಂತಿರಬಾರದು. ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ದಿನಕ್ಕೆ ನಿಲ್ಲುತ್ತದೆ. ಉಳಿದ ಆರು ತಿಂಗಳಿಗೆ ಈಗಿನ ಖರ್ಚಿನಲ್ಲೇ 1,14,000 ಬೇಕು. ಎಲ್ಲರಿಗೂ ಹೇಳುವ ‘ಆರು ತಿಂಗಳ ತುರ್ತುನಿಧಿ’ ನಿಮಗೆ ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ. ಕಾಯಿಲೆ, ಕಾಲುನೋವಿಗೆ ಇನ್ನಷ್ಟು ಹಣ ಬೇರೆಯೇ ಇರಲಿ.

ಉಳಿಯುವ 9,000ವನ್ನು ಸಂಬಳ ಬಂದ ದಿನವೇ ಬ್ಯಾಂಕಿನ ಆರ್‌ಡಿಗೆ (ತಿಂಗಳ ಕಂತಿನ ಠೇವಣಿ) ಹಾಕಿ. ಬಡ್ಡಿ ಬಿಟ್ಟು ಐದು ವರ್ಷಕ್ಕೆ 5,40,000; ಸುಮಾರು ನಾಲ್ಕೂಮುಕ್ಕಾಲು ಮಳೆಗಾಲದ ಖರ್ಚು. ಬೆಲೆಯೇರಿಕೆ ಇದನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಸಂಬಳ ಹೆಚ್ಚಿದಾಗ ಕಂತನ್ನೂ ಹೆಚ್ಚಿಸಿ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಒಳ್ಳೆಯದೇ, ಆದರೆ ಅವಧಿ 15 ವರ್ಷ. ಈ ಹಣಕ್ಕೆ ಅದು ಹೊಂದದು. ಷೇರು ಫಂಡೂ ಬೇಡ: ಬೇಕಾದ ವರ್ಷವೇ ಮಾರುಕಟ್ಟೆ ಕುಸಿದಿದ್ದರೆ ನಷ್ಟದಲ್ಲಿ ಮಾರಬೇಕು.

ನಮ್ಮ ಜಿಲ್ಲೆಗಳಲ್ಲಿ ಜನ ಎಡವುವುದು ಇಲ್ಲಿ: ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಬಡ್ಡಿಸಹಿತ 5 ಲಕ್ಷದವರೆಗೆ ವಿಮೆಯಿದೆ. ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಹಕಾರ ಸಂಘಗಳಿಗೆ ಅದಿಲ್ಲ. ಐದು ಲಕ್ಷ ದಾಟುವ ಮೊದಲು ಎರಡನೇ ಬ್ಯಾಂಕಿನಲ್ಲಿ ಖಾತೆ ತೆರೆಯಿರಿ.

ಆರೋಗ್ಯ ವಿಮೆಯನ್ನು ಈಗಲೇ ಸ್ವಂತ ಹೆಸರಿನಲ್ಲಿ ಮಾಡಿಸಿ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಹೋಗುತ್ತದೆ. ಹೆಜ್ಜೆ, ಮಾತುಗಾರಿಕೆಯ ಕಲಿಕೆಯನ್ನೂ ಐದು ವರ್ಷ ಮುಂದೂಡಬೇಡಿ, ಈ ಮಳೆಗಾಲದಲ್ಲೇ ಆರಂಭಿಸಿ.